ಹೈ ಕಂಪ್ರೆಷನ್ ಇಂಜಿನ್‌ಗೆ ಸೂಪರ್‌ಚಾರ್ಜರ್: ಕಡಿಮೆ ಬೂಸ್ಟ್ ಸಾಕಾ, ಪಿಸ್ಟನ್ ಬದಲಿಸಬೇಕಾ?

11:1 ಕಂಪ್ರೆಷನ್ (ಸಿಲಿಂಡರ್‌ನ ಗಾಳಿ-ಪೆಟ್ರೋಲನ್ನು ಹನ್ನೊಂದನೇ ಒಂದು ಜಾಗಕ್ಕೆ ಒತ್ತುವ) ಇಂಜಿನ್‌ಗೆ ಸೂಪರ್‌ಚಾರ್ಜರ್, ಅಂದ್ರೆ ಗಾಳಿಯನ್ನು ಒತ್ತಿ ತುಂಬುವ ಪಂಪ್, ಹಾಕಿಸಿದರೂ ಇಂಜಿನ್ ಬಾಳಬೇಕು ಅಂತ ಕೇಳಿದ್ದೀಯಲ್ಲ ತಮ್ಮಾ, ಎರಡು ದಾರಿ ಇವೆ. ಪಿಸ್ಟನ್ ಹಾಗೇ ಬಿಟ್ಟು 5-6 ಪಿಎಸ್‌ಐ ಬೂಸ್ಟ್ (ಸೂಪರ್‌ಚಾರ್ಜರ್‌ನ ಹೆಚ್ಚುವರಿ ಗಾಳಿ ಒತ್ತಡ, ಪಿಎಸ್‌ಐ ಅದರ ಅಳತೆ) ಕೊಡುವುದು. ಇಲ್ಲವೇ ಫೋರ್ಜ್ಡ್ (ಲೋಹ ಒತ್ತಿ ಮಾಡಿದ, ಹೆಚ್ಚು ಗಟ್ಟಿಯಾದ) ಪಿಸ್ಟನ್ ಹಾಕಿಸಿ ಕಂಪ್ರೆಷನ್ 9:1ರ ಹತ್ತಿರ ಇಳಿಸುವುದು.

ಖರ್ಚು ಮೊದಲನೆಯದಕ್ಕೆ ಕಡಿಮೆ, ಇಂಜಿನ್ ಬಿಚ್ಚುವ ಕೆಲಸವಿಲ್ಲ. ಆದರೆ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಮತ್ತು ಟ್ಯೂನಿಂಗ್‌ನಲ್ಲಿ (ಪೆಟ್ರೋಲ್, ಕಿಡಿಯ ಹೊಂದಾಣಿಕೆ) ಮಾತ್ರ ಕಂಜೂಸಿ ಬೇಡವೇ ಬೇಡ.

ಬಾಳಿಕೆಯ ಶತ್ರು ನಾಕಿಂಗ್. ಒತ್ತಿದ ಗಾಳಿ ಬಿಸಿಯಾಗುತ್ತದೆ, ಹೈ ಕಂಪ್ರೆಷನ್ ಅದನ್ನು ಇನ್ನೂ ಕಾಯಿಸುತ್ತದೆ, ಕಿಡಿಯಿಂದ ಹೊತ್ತಿದ ಉರಿ ಪೂರ್ತಿ ಹರಡುವ ಮೊದಲೇ ಉಳಿದ ಪೆಟ್ರೋಲ್-ಗಾಳಿ ತಾನಾಗೇ ಸಿಡಿದು ಪಿಸ್ಟನ್ ಒಡೆಯಬಹುದು. ಬೆಳಗಾವಿಯ ತಂಪಿನಲ್ಲಿ ಮಾಡಿಸಿದ ಟ್ಯೂನಿಂಗ್ ವಿಜಯಪುರದ 40 ಡಿಗ್ರಿ ಬಿಸಿಲಿಗೆ ತಾಳದೇ ಇರಬಹುದು, ಅದಕ್ಕೇ ಬೇಸಿಗೆಯಲ್ಲೇ ಪರೀಕ್ಷೆ ಮಾಡಿಸು, ಕಿಡಿ ಹಾರುವ ಟೈಮಿಂಗ್ ಸ್ವಲ್ಪ ತಡವಾಗಿ ಇಡಿಸು. ಈ ವಿಷಯದಲ್ಲಿ 9:1ಕ್ಕೆ ಉಸಿರಾಡಲು ಜಾಗ ಜಾಸ್ತಿ. ಬೂಸ್ಟ್ ಇಲ್ಲದಾಗ ಪಿಕಪ್ ಸ್ವಲ್ಪ ಮಂದ, ಅಷ್ಟೇ.

ದಿನದ ಓಡಾಟ, ಒಳ್ಳೇ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಇರುವ ಪೆಟ್ರೋಲ್ ಸಿಗುತ್ತದೆ ಅಂದ್ರೆ ಕಡಿಮೆ ಬೂಸ್ಟ್ ಸಾಕು. 10 ಪಿಎಸ್‌ಐ ದಾಟುವ ಆಸೆ ಇದ್ದರೆ ಮೊದಲು ಪಿಸ್ಟನ್‌ಗೆ ದುಡ್ಡು ಕೂಡಿಸು.