ಹಕೋನೆ, ಕುಸತ್ಸು, ಕಿನೊಸಾಕಿ: ಜಪಾನಿನ ಬಿಸಿನೀರಿನ ಊರುಗಳಲ್ಲಿ ನಮ್ಮತ್ತೆ ಪಾಸ್ ಮಾಡಿದ್ದು ಯಾವುದನ್ನು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಿನೊಸಾಕಿಗೆ. ಜಪಾನ್ ಅಂದರೆ ಎಲ್ಲರೂ ಹಕೋನೆ ಹಕೋನೆ ಅನ್ನುತ್ತಾರೆ. ನಾವೂ ಜಾಸ್ತಿ ದುಡ್ಡು ಸುರಿದದ್ದು ಅಲ್ಲೇ. ಆದರೆ ಇನ್ನೊಮ್ಮೆ ಹೋಗುವುದಾದರೆ ಬೇರೆ ಯೋಚನೆಯೇ ಇಲ್ಲ, ನೇರ ಕಿನೊಸಾಕಿ ರೈಲು ಹತ್ತುತ್ತೇನೆ.

ಹೋದದ್ದು ನಾನು, ನಮ್ಮೆಜಮಾನ್ರು, ನಮ್ಮತ್ತೆ. ಅತ್ತೆಗೆ ಎಪ್ಪತ್ತು ಹತ್ತಿರ ಬಂತು. ದಾವಣಗೆರೆ ಕಡೆಯವರು. ಮಂಡಿ ನೋವಿದೆ, ಮೊಟ್ಟೆ ಕೂಡ ಮುಟ್ಟಲ್ಲ, ಬೆಳಿಗ್ಗೆ ಐದಕ್ಕೆ ಏಳದಿದ್ದರೆ ಸಮಾಧಾನವಿಲ್ಲ. ಇಂಥ ಹಿರಿಯರನ್ನು ಕರೆದುಕೊಂಡು ಒನ್ಸೆನ್ ಊರಿಗೆ, ಅಂದರೆ ಬಿಸಿನೀರಿನ ಬುಗ್ಗೆಯ ಊರಿಗೆ, ಅದೂ ಹಳೇ ಕಾಲದ ಜಪಾನಿ ವಸತಿಗೃಹ ಅಂದರೆ ರ್ಯೋಕಾನ್‌ನಲ್ಲಿ ಉಳಿಯಲು ಹೋಗುವವರಿದ್ದರೆ ಇದು ಅವರಿಗೆ. ಮೀನು ತಿನ್ನುವ, ಮಂಡಿ ಗಟ್ಟಿಯಿರುವ ಜೋಡಿಗಳಿಗೆ ನನ್ನ ಲೆಕ್ಕ ಉಲ್ಟಾ ಹೊಡೆಯಬಹುದು.

ತಾತಾಮಿ ಚಾಪೆ, ಕಾಗದದ ಬಾಗಿಲು, ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಎಲ್ಲ ಮೂರೂ ಕಡೆ ಇದ್ದದ್ದೇ, ಅದನ್ನು ಬರೆಯಲ್ಲ. ಬಾಡಿಗೆ ಮಾತ್ರ ಕೋಣೆಗಲ್ಲ, ತಲೆಗೆ ಇಷ್ಟು ಅಂತ ಹೇಳುತ್ತಾರೆ. ಇದನ್ನು ನೋಡದೆ ಬುಕ್ ಮಾಡಿದರೆ ಜೇಬಿಗೆ ದೊಡ್ಡ ಪೆಟ್ಟು. ಮೇಲೆ ಸ್ನಾನದ ತೆರಿಗೆ ಅಂತ ಸಾಮಾನ್ಯವಾಗಿ ತಲೆಗೆ 150 ಯೆನ್ ಇರುತ್ತದೆ.

ಹಕೋನೆಯಲ್ಲಿ ನಾವು ತೆಗೆದುಕೊಂಡದ್ದು ರಾತ್ರಿ ಊಟ, ಬೆಳಗಿನ ತಿಂಡಿ, ಕೋಣೆಯಲ್ಲೇ ಬಿಸಿನೀರಿನ ತೊಟ್ಟಿ ಎಲ್ಲ ಸೇರಿದ ಪ್ಲಾನ್. ತಲೆಗೆ ಸುಮಾರು 42 ಸಾವಿರ ಯೆನ್. ಮೂರು ಜನಕ್ಕೆ ಒಂದು ರಾತ್ರಿಗೆ ಎಪ್ಪತ್ತು ಸಾವಿರ ರೂಪಾಯಿ ಆಸುಪಾಸು. ತೊಟ್ಟಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಮರದ ಕಟ್ಟೆ, ಮುಂದೆ ಬೆಟ್ಟ, ಯಾರ ಕಣ್ಣೂ ಬೀಳಲ್ಲ. ಟೋಕಿಯೊದ ಶಿಂಜುಕುವಿನಿಂದ ರೊಮ್ಯಾನ್ಸ್‌ಕಾರ್ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಹಕೋನೆ-ಯುಮೊತೊ ಬಂದುಬಿಡುತ್ತದೆ. ಅಲ್ಲಿಂದ ಗೋರಾಗೆ ಹೋಗುವ ಪುಟ್ಟ ಬೆಟ್ಟದ ರೈಲು ಮುಂದೆ ಹೋಗಿ, ನಿಂತು, ಹಿಂದೆ ಬಂದು, ಅಡ್ಡಾದಿಡ್ಡಿ ಹತ್ತುತ್ತದೆ. ಅದಕ್ಕೆ ಮಾತ್ರ ಅತ್ತೆ ಕೈತಟ್ಟಿದರು.

ಆಮೇಲೆ ಊಟ ಬಂತು.

ಬುಕ್ ಮಾಡುವಾಗಲೇ ಮೂರು ಜನವೂ ಸಸ್ಯಾಹಾರಿ ಅಂತ ಬರೆದಿದ್ದೆವು. ಆಗಬಹುದು ಅಂತ ಉತ್ತರವೂ ಬಂದಿತ್ತು. ಸಂಜೆ ಆರಕ್ಕೆ ಸರಿಯಾಗಿ ಊಟ ಶುರು, ಅಷ್ಟರೊಳಗೆ ಹಾಜರಿರಬೇಕು. ಕಿಮೋನೊ ಉಟ್ಟ ಹೆಂಗಸು ಒಂದೊಂದೇ ಬಟ್ಟಲು ಕೋಣೆಗೇ ತಂದು ಇಡುತ್ತಾರೆ. ಮೊದಲು ಎಳ್ಳಿನ ತೋಫು ಬಂತು, ಮೆತ್ತಗೆ, ರುಚಿಯಾಗಿ. ಅತ್ತೆ ಪೂರ್ತಿ ತಿಂದರು. ಎರಡನೆಯದು ಮುಚ್ಚಳ ಇರುವ ಕಪ್ಪು ಬಟ್ಟಲಿನ ಸಾರು. ಅತ್ತೆ ಮುಚ್ಚಳ ತೆಗೆದರು, ಆವಿ ಮುಖಕ್ಕೆ ಬಡಿಯಿತು, ಹಾಗೇ ಮುಚ್ಚಿಟ್ಟರು. "ಇದ್ರಾಗೆ ಮೀನ್ ಐತೆ ನೋಡವ್ವ."

ನಾನು ಇಣುಕಿದೆ. ಒಂದು ಅಣಬೆ, ಒಂದೆರಡು ಎಲೆ, ತಿಳಿಯಾದ ನೀರು. ಮೀನು ಎಲ್ಲಿ? ಫೋನಿನಲ್ಲಿ ಅನುವಾದ ಮಾಡಿ ಕೇಳಿದೆ. ಆಕೆ ಅಡುಗೆಮನೆಗೆ ಹೋಗಿ ಅಡುಗೆಯವರನ್ನೇ ಕರೆದುಕೊಂಡು ಬಂದರು. ಇಬ್ಬರೂ ಬಾಗಿ ಬಾಗಿ ಹೇಳಿದ್ದು ಇಷ್ಟು: ಮೀನಿನ ತುಂಡು ಒಂದೂ ಹಾಕಿಲ್ಲ, ದಾಶಿ ಮಾತ್ರ ಹಾಕಿದ್ದೇವೆ.

ಈ ದಾಶಿಯೇ ಇಡೀ ತಾಪತ್ರಯದ ಬುಡ. ಕತ್ಸುಒ ಅನ್ನುವ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿದರೆ ಬರುವ ನೀರೇ ದಾಶಿ. ಸಾಮಾನ್ಯವಾಗಿ ಕೊಂಬು ಅನ್ನುವ ಸಮುದ್ರದ ಪಾಚಿಯೂ ಜೊತೆಗಿರುತ್ತದೆ. ನಮ್ಮ ಊಟದಲ್ಲಿ ಮೂಲಂಗಿ ಬೆಂದದ್ದು ಅದರಲ್ಲೇ. ಬದನೆಕಾಯಿ ಕರಿದು ನೆನೆಸಿದ್ದು ಅದರಲ್ಲೇ. ಸೋಯಾ ಹುದುಗಿಸಿ ಮಾಡುವ ಮಿಸೊ ಸಾರಿಗೆ ಅದೇ, ನಮ್ಮ ಬಜ್ಜಿಯಂಥ ಟೆಂಪುರಾ ಅದ್ದಿಕೊಳ್ಳುವ ರಸಕ್ಕೂ ಅದೇ. ಅವರು ತಟ್ಟೆಯಿಂದ ಮೀನನ್ನು ಎತ್ತಿ ತರಕಾರಿ ಇಟ್ಟಿದ್ದರು, ಅವರ ಲೆಕ್ಕದಲ್ಲಿ ಅದು ಸಸ್ಯಾಹಾರಿ ಆಯಿತು. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ಅದು ಗೊತ್ತಾಗುತ್ತಿತ್ತು. ಆದರೆ ಬುಕ್ ಮಾಡಿದಾಗ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಸರಿ, ಈಗಲಾದರೂ ಬೇರೆ ಏನಾದರೂ ಮಾಡಿಕೊಡಿ ಅಂದರೆ ಆಗಲ್ಲ. ತರಕಾರಿಗಳೆಲ್ಲ ಮಧ್ಯಾಹ್ನವೇ ದಾಶಿಯಲ್ಲಿ ಬೆಂದು ಕೂತಿವೆ. ಟೆಂಪುರಾಗೆ ಉಪ್ಪು ತಂದುಕೊಟ್ಟರು, ಅತ್ತೆ ಒಂದು ತುಂಡು ಎತ್ತಿಕೊಂಡರು. ಅಷ್ಟರಲ್ಲಿ ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ ಅಂತ ಯಾವ ಗಳಿಗೆಯಲ್ಲಿ ಕೇಳಿದೆನೋ, ಹಾಕಿದ್ದೇವೆ ಅಂದರು. ಅದೂ ಹೋಯಿತು. ಕೊನೆಗೆ ಅತ್ತೆಗೆ ಉಳಿದದ್ದು ಬಿಳಿ ಅನ್ನ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಒಂದು ಹೋಳು ಕರಬೂಜ. ನಾನೂ ಅಷ್ಟಕ್ಕೇ ನಿಂತೆ. ನಮ್ಮೆಜಮಾನ್ರು ಆಫೀಸಿನ ಕೆಲಸಕ್ಕೆ ದೇಶ ದೇಶ ಸುತ್ತಿದವರು, ನಂಗೇನೂ ವಾಸನೆ ಬರ್ತಿಲ್ಲ ಅಂತ ಮೂರೂ ಜನರದ್ದನ್ನು ಕಣ್ಣುಮುಚ್ಚಿ ಖಾಲಿ ಮಾಡಿದರು. ಬೆಳಿಗ್ಗೆ ತಿಂಡಿಯಲ್ಲೂ ಇದೇ ಕಥೆ, ತೋಫು ಮೇಲೆ ಸುರಿದ ರಸದಲ್ಲಿ ಮತ್ತೆ ದಾಶಿ. ದುಡ್ಡು ಕಡಿಮೆ ಮಾಡುವ ಮಾತೇ ಬರಲಿಲ್ಲ. ಎಪ್ಪತ್ತು ಸಾವಿರ ಕೊಟ್ಟು ಅತ್ತೆ ಚಟ್ನಿಪುಡಿ ಅನ್ನ ತಿಂದರು, ಅದೂ ನಮ್ಮ ಬ್ಯಾಗಿನಲ್ಲಿದ್ದ ಚಟ್ನಿಪುಡಿ.

ಹಾಗಾಗಿ ಊಟ ಇರುವ ಪ್ಲಾನ್ ಬೇಕೇ ಬೇಕು ಅನ್ನುವವರು ಸುಮ್ನೆ ಸಸ್ಯಾಹಾರಿ ಅಂತ ಬರೆದು ಬಿಡಬೇಡಿ. ಮೀನಿನ ದಾಶಿ ಬೇಡ, ಕೊಂಬು ಅಥವಾ ಒಣ ಶಿಟಾಕೆ ಅಣಬೆಯ ದಾಶಿ ಆಗಬಹುದು, ಮೊಟ್ಟೆ ಬೇಡ, ಹೀಗೆ ಬಿಡಿಸಿ ಬಿಡಿಸಿ ಬರೆಯಿರಿ. ಬೌದ್ಧ ದೇವಸ್ಥಾನಗಳ ಶೋಜಿನ್ ಅಡುಗೆ ಹಾಗೇ ಇರುತ್ತದೆ, ಆ ಹೆಸರು ಹೇಳಿದರೆ ಅಡುಗೆಯವರಿಗೆ ಬೇಗ ಅರ್ಥವಾಗುತ್ತದೆ. ಆಗಲ್ಲ ಅಂದರೆ ಊಟವಿಲ್ಲದ ಪ್ಲಾನ್ ತೆಗೆದುಕೊಳ್ಳಿ. ಊಟವೇ ಮುಖ್ಯ ಅನ್ನುವವರು ಒನ್ಸೆನ್ ಆಸೆ ಬಿಟ್ಟು ಕೋಯಾಸಾನ್ ಬೆಟ್ಟಕ್ಕೆ ಹೋಗಬಹುದು. ಅಲ್ಲಿ 50ಕ್ಕೂ ಹೆಚ್ಚು ದೇವಸ್ಥಾನಗಳಲ್ಲಿ ಉಳಿದುಕೊಳ್ಳಲು ಕೋಣೆ ಕೊಡುತ್ತಾರೆ, ಊಟ ಶೋಜಿನ್.

ಕುಸತ್ಸು ಬಗ್ಗೆ ಹೆಚ್ಚು ಹೇಳಲ್ಲ. ನೋಡಲು ಮೂರರಲ್ಲಿ ಅದೇ ಜೋರು. ಊರ ನಡುವೆ ಯುಬತಾಕೆ ಅಂತ ಬಿಸಿನೀರು ಹರಿಯುವ ದೊಡ್ಡ ಜಾಗ, ನೀರು ಹರಿಯಲು ಸಾಲಾಗಿ ಮರದ ಕಾಲುವೆಗಳು, ರಾತ್ರಿ ಅದರ ಮೇಲೆ ದೀಪ, ಆವಿ. ಎತ್ತರ ಸುಮಾರು 1,200 ಮೀಟರ್, ಚಳಿ ಚೆನ್ನಾಗಿಯೇ ಇರುತ್ತದೆ. ತಣ್ಣೀರು ಬೆರೆಸಿದರೆ ನೀರಿನ ಗುಣ ಹೋಗುತ್ತದೆ ಅಂತ ಉದ್ದನೆ ಹಲಗೆಗಳಿಂದ ನೀರು ಮಗುಚಿ ಆರಿಸುತ್ತಾರೆ, ಹಾಡು ಹೇಳಿಕೊಂಡು. ಆ ಪ್ರದರ್ಶನ ನೋಡಬಹುದು. ಆದರೆ ನೀರು ಸಿಕ್ಕಾಪಟ್ಟೆ ಹುಳಿ, ಪಿಎಚ್ 2ರ ಹತ್ತಿರ. ಕಣ್ಣಿಗೆ ಹನಿ ಹಾರಿದರೆ ಉರಿ, ಕೈ ಮೇಲೆ ಗೀರಿದ್ದರೆ ಚುರ್ ಅನ್ನುತ್ತದೆ. ದುಡ್ಡಿಲ್ಲದೆ ಹೋಗಬಹುದಾದ ಊರಿನ ಸ್ನಾನದ ಮನೆಯಲ್ಲಿ ನಾನು ಕಾಲಿಟ್ಟದ್ದೂ ತೆಗೆದದ್ದೂ ಒಟ್ಟಿಗೇ, ಅಷ್ಟು ಸುಡುತ್ತಿತ್ತು.

ಇನ್ನೊಂದು ವಿಷಯ ಹೆಂಗಸರಿಗೆ. ಆ ನೀರಿನಲ್ಲಿ ಗಂಧಕ ಇದೆ, ಬೆಳ್ಳಿಗೆ ಆಗಿಬರಲ್ಲ. ಕಾಲುಂಗುರ ತೆಗೆಯಬಾರದು ಅಂತ ಅತ್ತೆ ಕಣ್ಣಲ್ಲೇ ಹೇಳಿದರು, ನಾನೂ ತೆಗೆಯದೆ ಇಳಿದೆ. ಹೊರಗೆ ಬಂದಾಗ ನಾಲ್ಕೂ ಕಾಲುಂಗುರ ಹಂಚಿನ ತಳದಂತೆ ಕಪ್ಪಗಾಗಿದ್ದವು. ಊರಿಗೆ ಬಂದ ಮೇಲೆ ಅತ್ತೆಯೇ ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿಕೊಟ್ಟರು. ಹಕೋನೆಯಲ್ಲೂ ಹಾಲಿನ ಬಣ್ಣದ ಗಂಧಕದ ನೀರು ಕೆಲವು ಕಡೆ ಇದೆ, ಅಲ್ಲೂ ಇದೇ ಜೋಪಾನ ಬೇಕು.

ಈಗ ಕಿನೊಸಾಕಿ. ಹ್ಯೊಗೊ ಪ್ರಾಂತ್ಯದ ಉತ್ತರಕ್ಕೆ, ಕಡಲಿಗೆ ಹತ್ತಿರ. ಕ್ಯೋಟೊದಿಂದ ರೈಲಿನಲ್ಲಿ ಎರಡೂವರೆ ಗಂಟೆ ಆಸುಪಾಸು, ಟೋಕಿಯೊದಿಂದ ಬರುವವರಿಗೆ ದೂರವೇ. ನಡುವೆ ಸಣ್ಣ ಹೊಳೆ, ಎರಡು ದಡದಲ್ಲೂ ನೀರಿಗೆ ಬಾಗಿದ ವಿಲೋ ಮರಗಳು, ಕಲ್ಲಿನ ಪುಟ್ಟ ಸೇತುವೆಗಳು. 1925ರ ಭೂಕಂಪ ಮತ್ತು ಬೆಂಕಿಯಲ್ಲಿ ಊರು ನೆಲಸಮವಾಗಿ ಮತ್ತೆ ಕಟ್ಟಿದ್ದಂತೆ, ನೋಡಿದರೆ ಗೊತ್ತೇ ಆಗಲ್ಲ. ನಾವು ರಾತ್ರಿ ಊಟವಿಲ್ಲದ ಪ್ಲಾನ್ ತೆಗೆದುಕೊಂಡೆವು. ತಲೆಗೆ ಸುಮಾರು 12 ಸಾವಿರ ಯೆನ್. ಮೂರು ಜನಕ್ಕೆ ಇಪ್ಪತ್ತು ಸಾವಿರ ರೂಪಾಯಿ, ಹಕೋನೆಯ ಮೂರನೇ ಒಂದು ಭಾಗವೂ ಇಲ್ಲ.

ಈ ಊರಿನ ಕ್ರಮವೇ ಬೇರೆ. ಉಳಿದ ಕಡೆ ಸ್ನಾನ ಹೆಚ್ಚಾಗಿ ರ್ಯೋಕಾನ್ ಒಳಗೆ. ಇಲ್ಲಿ ಊರಿಗೆಲ್ಲ ಸೇರಿ ಏಳು ಸ್ನಾನದ ಮನೆಗಳಿವೆ, ಊರಿನಲ್ಲಿ ಉಳಿದವರಿಗೆ ಪಾಸ್ ಕೊಡುತ್ತಾರೆ, ಎಷ್ಟು ಸಲ ಬೇಕಾದರೂ ಹೋಗಬಹುದು. ಯುಕಾತಾ ಸುತ್ತಿಕೊಂಡು, ಮರದ ಚಪ್ಪಲಿ ಹಾಕಿಕೊಂಡು, ಬುಟ್ಟಿಯಲ್ಲಿ ಟವಲ್ ಇಟ್ಟುಕೊಂಡು ರಸ್ತೆಯಲ್ಲಿ ಇಡೀ ಊರೇ ಕಟಕಟ ಓಡಾಡುತ್ತಿರುತ್ತದೆ. ಯುಕಾತಾದ ಎಡ ಸೆರಗು ಮೇಲೆ ಬರಬೇಕು. ಉಲ್ಟಾ ಸುತ್ತುವುದು ಹೆಣಕ್ಕಂತೆ, ರ್ಯೋಕಾನ್‌ನ ಅಜ್ಜಿ ಓಡಿ ಬಂದು ನಮ್ಮೆಜಮಾನ್ರದ್ದು ಸರಿಮಾಡಿದರು. ಅತ್ತೆ ರವಿಕೆ, ಲಂಗದ ಮೇಲೇ ಸುತ್ತಿಕೊಂಡರು, ಯಾರೂ ಏನೂ ಅನ್ನಲಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ: ಮೈಮೇಲೆ ಏನೂ ಇಲ್ಲದೆ ಇಳಿಯಬೇಕಾ? ಹೌದು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮೊದಲು ಚಿಕ್ಕ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ತೊಳೆದುಕೊಂಡೇ ತೊಟ್ಟಿಗೆ ಇಳಿಯಬೇಕು. ಜಡೆ ಮೇಲೆ ಕಟ್ಟಬೇಕು, ಟವಲ್ ನೀರಿಗೆ ತಾಗಬಾರದು. ಅತ್ತೆ ಮೊದಲ ದಿನ ಸುತಾರಾಂ ಒಪ್ಪಲಿಲ್ಲ, ಸೊಸೆ ಮುಂದೆ ಬೇರೆ. ಅದಕ್ಕೆ ದಾರಿ ಇದೆ. ಕಿನೊಸಾಕಿಯ ಎಷ್ಟೋ ರ್ಯೋಕಾನ್‌ಗಳಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸಣ್ಣ ಸ್ನಾನದ ಕೋಣೆ ಇರುತ್ತದೆ, ಸ್ವಲ್ಪ ಹೊತ್ತಿಗೆ ನಮಗೇ ಬಿಟ್ಟುಕೊಡುತ್ತಾರೆ. ಅತ್ತೆ ಒಬ್ಬರೇ ಹೋಗಿ ಮಂಡಿ ಕಾಯಿಸಿಕೊಂಡು ಬಂದರು. ಬಂದವರ ಮುಖ ನೋಡಿದಾಗಲೇ ಗೊತ್ತಾಯಿತು, ನಾಳೆ ಹೊರಗೂ ಬರುತ್ತಾರೆ ಅಂತ.

ಹಚ್ಚೆ ವಿಷಯವನ್ನು ಮಾತ್ರ ಯಾರೂ ಬರೆದದ್ದು ನಾನು ನೋಡಿಲ್ಲ. ಅತ್ತೆಯ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಹಸಿರು ಹಚ್ಚೆ ಇದೆ, ಚುಕ್ಕಿ ರಂಗೋಲಿ ಥರ. ಜಪಾನಿನಲ್ಲಿ ಟ್ಯಾಟೂ ಅಂದರೆ ರೌಡಿ ಗುಂಪುಗಳ ನೆನಪು, ಎಷ್ಟೋ ಒನ್ಸೆನ್‌ಗಳಲ್ಲಿ ಬಿಡಲ್ಲ. ಹಕೋನೆಯ ನಮ್ಮ ರ್ಯೋಕಾನ್‌ನ ದೊಡ್ಡ ಸ್ನಾನದ ಮನೆ ಬಾಗಿಲಲ್ಲೂ ಬೋರ್ಡ್ ಇತ್ತು. ಚರ್ಮದ ಬಣ್ಣದ ಪಟ್ಟಿ ಕೊಟ್ಟು ಮುಚ್ಚಿಕೊಳ್ಳಿ ಅಂದರು. ಅತ್ತೆಗೆ ಅದು ತುಂಬ ಬೇಜಾರಾಯಿತು, ಅವರಮ್ಮ ಹತ್ತಿರ ಕೂತು ಹಾಕಿಸಿದ ಹಚ್ಚೆ ಅದು. ಕಿನೊಸಾಕಿಯ ಏಳು ಮನೆಗಳಲ್ಲೂ ಟ್ಯಾಟೂಗೆ ತಡೆ ಇಲ್ಲ. ಅಲ್ಲಿ ಒಬ್ಬ ಜಪಾನಿ ಅಜ್ಜಿ ಅತ್ತೆಯ ಕೈ ಹಿಡಿದು ಹಚ್ಚೆ ನೋಡಿ ಏನೋ ಹೇಳಿದರು, ಅತ್ತೆ ದಾವಣಗೆರೆ ಕನ್ನಡದಲ್ಲೇ ಉತ್ತರ ಕೊಟ್ಟರು, ಇಬ್ಬರೂ ನಕ್ಕರು. ನನ್ನ ಮಟ್ಟಿಗೆ ಕಿನೊಸಾಕಿ ಗೆದ್ದದ್ದು ಅಲ್ಲೇ.

ಐದಕ್ಕೆ ಏಳುವವರಿಗೆ ಅಲ್ಲಿ ಇನ್ನೊಂದು ಲಾಭ ಇದೆ. ಸ್ನಾನದ ಮನೆ ಬಾಗಿಲು ತೆಗೆದಾಗ ಮೊದಲು ಒಳಗೆ ಬಂದವರಿಗೆ ಒಂದು ಬಿಲ್ಲೆ ಕೊಡುತ್ತಾರೆ, ಗಂಡಸರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ ಒಬ್ಬರಿಗೆ. ಗುಹೆಯಂಥ ತೊಟ್ಟಿ ಇರುವ ಇಚಿನೊಯು ಏಳು ಗಂಟೆಗೆ ತೆಗೆಯುತ್ತದೆ. ಅತ್ತೆ ಆರೂವರೆಗೇ ಬಾಗಿಲ ಮುಂದೆ ನಿಂತಿದ್ದರು. ಆ ಬಿಲ್ಲೆ ಈಗ ಶೋಕೇಸಿನಲ್ಲಿದೆ, ಮನೆಗೆ ಬಂದವರಿಗೆಲ್ಲ ತೋರಿಸುವುದು ಅದನ್ನೇ. ಬಿಸಿನೀರಿನ ಬುಗ್ಗೆ ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲೂ ಇದೆ, ಆದರೆ ಮೊದಲು ಬಂದವರಿಗೆ ಅಲ್ಲೇನೂ ಕೊಡಲ್ಲ.

ಕಿನೊಸಾಕಿಯಲ್ಲೂ ಊಟ ಸುಲಭ ಅಲ್ಲ, ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ. ಊರಿಡೀ ಏಡಿ. ಹೋಟೆಲುಗಳು ಬೇಗ ಬಾಗಿಲು ಹಾಕುತ್ತವೆ. ಆದರೆ ಊಟಕ್ಕೆ ದುಡ್ಡು ಕೊಟ್ಟಿರದ ಕಾರಣ ಹೊಟ್ಟೆಯುರಿ ಇರಲಿಲ್ಲ. ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇತ್ತು. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಕಪ್, ಅವಲಕ್ಕಿ, ಅದೇ ಚಟ್ನಿಪುಡಿ, ಅಂಗಡಿಯಿಂದ ಬಾಳೆಹಣ್ಣು, ಮೊಸರು. ಚಾಪೆ ಮೇಲೆ ಚೆಲ್ಲದ ಹಾಗೆ ತಿಂದು ಕಸ ಕಟ್ಟಿ ಇಟ್ಟೆವು.

ಮಂಡಿ ನೋವಿನವರಿಗೆ ನೆಲದ ಹಾಸಿಗೆ ಮೂರೂ ಕಡೆ ಕಷ್ಟವೇ. ಅರ್ಧ ಜಪಾನಿ ಅರ್ಧ ಪಾಶ್ಚಾತ್ಯ ಕೋಣೆ ಅಂತ ಸಿಗುತ್ತದೆ, ಅದರಲ್ಲಿ ಮಂಚ ಇರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಅದನ್ನೇ ಕೇಳಿ.

ಟೋಕಿಯೊ ಬಿಟ್ಟು ದೂರ ಹೋಗಲು ಟೈಮ್ ಇಲ್ಲ, ದುಡ್ಡಿಗೆ ಚಿಂತೆಯಿಲ್ಲ, ಮೀನು ನಡೆಯುತ್ತದೆ ಅನ್ನುವವರು ಹಕೋನೆಗೇ ಹೋಗಿ, ಚೆನ್ನಾಗಿರುತ್ತದೆ. ಊರು ನೋಡುವ ಹುಚ್ಚಿದ್ದರೆ ಕುಸತ್ಸು, ಬೆಳ್ಳಿ ಬಿಚ್ಚಿಟ್ಟು. ನಮ್ಮ ಥರ ತಿಂಡಿ ಡಬ್ಬಿ ಹೊತ್ತು ತಿರುಗುವವರಿಗೆ ಕಿನೊಸಾಕಿ. ನವೆಂಬರಿನಿಂದ ಮಾರ್ಚ್‌ವರೆಗೆ ಏಡಿಯ ಸೀಸನ್, ಆಗ ಬಾಡಿಗೆ ಏರುತ್ತದೆ, ಏಡಿ ತಿನ್ನದ ನಾವು ಆ ದುಡ್ಡು ಯಾಕೆ ಕೊಡಬೇಕು? ಬೇರೆ ತಿಂಗಳಲ್ಲಿ ಹೋಗಿ. ಏಳು ಸ್ನಾನದ ಮನೆಗಳಿಗೂ ವಾರಕ್ಕೊಂದು ರಜೆ ಇರುತ್ತದೆ, ಎಲ್ಲಕ್ಕೂ ಒಂದೇ ದಿನ ಅಲ್ಲ. ಬುಕ್ ಮಾಡುವ ಮುಂಚೆ ಆ ಪಟ್ಟಿ ಒಂದು ಸಲ ನೋಡಿಕೊಳ್ಳಿ.