ಬೆಲ್‌ಗ್ರೇಡಿನ ಯುಗೊಸ್ಲಾವಿಯಾ ಮ್ಯೂಸಿಯಂ: ಸಮಾಧಿಯನ್ನು ಕೊನೆಗೆ ನೋಡಿ

ಈಗ ಇಲ್ಲವಾಗಿರುವ ಯುಗೊಸ್ಲಾವಿಯಾ ದೇಶವನ್ನು ದಶಕಗಳ ಕಾಲ ಆಳಿದ ಕಮ್ಯುನಿಸ್ಟ್ ನಾಯಕ ಮಾರ್ಷಲ್ ಟಿಟೊ ಸಮಾಧಿ ಇರುವುದು ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ದೆದಿನ್ಯೆ ಬಡಾವಣೆಯಲ್ಲಿ, ಯುಗೊಸ್ಲಾವಿಯಾ ಮ್ಯೂಸಿಯಂ ಆವರಣದೊಳಗೆ. ಊರಿನ ನಡುಭಾಗದಿಂದ 40 ಅಥವಾ 41ನೇ ನಂಬರಿನ ಟ್ರಾಲಿ ಬಸ್ ಹಿಡಿದರಾಯಿತು. ಸೋಮವಾರ ರಜೆ. ಕೆಳಗಡೆ ‘ಮೇ 25’ ಕಟ್ಟಡ, ಉದ್ಯಾನದ ಏರು ಹತ್ತಿದರೆ ಹಳೆಯ ಮ್ಯೂಸಿಯಂ ಮತ್ತು ಸಮಾಧಿ ಇರುವ ‘ಹೂವಿನ ಮನೆ’. ಈ ಮೂರರಲ್ಲಿ ಅಂದು ಯಾವುದು ತೆರೆದಿದೆ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಬಹಳ ಜನ ನೇರವಾಗಿ ಹೂವಿನ ಮನೆಗೆ ಹೋಗಿ, ಬಿಳಿ ಅಮೃತಶಿಲೆಯ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಇಷ್ಟೇನಾ ಅನ್ನಿಸುವುದು ಸಹಜ. ಕಲ್ಲಿನ ಮೇಲಿರುವುದು ಹೆಸರು, 1892–1980 ಅಷ್ಟೇ. ಕೆಂಪು ನಕ್ಷತ್ರವೂ ಇಲ್ಲ, ಮಾರ್ಷಲ್ ಪದವಿಯೂ ಇಲ್ಲ. 1975ರಲ್ಲಿ ಚಳಿಗಾಲದ ಹೂದೋಟವಾಗಿ ಕಟ್ಟಿದ ಮನೆ ಇದು. 2013ರಲ್ಲಿ ತೀರಿಕೊಂಡ ಹೆಂಡತಿ ಯೊವಾಂಕಾ ಅವರನ್ನೂ ಇಲ್ಲೇ ಮಣ್ಣು ಮಾಡಿದರು.

ಹಾಗಾಗಿ ಮೊದಲು ಹಳೆಯ ಮ್ಯೂಸಿಯಂಗೆ ಹೋಗಿ. ದೇಶವಿದೇಶಗಳಿಂದ ಬಂದ ಉಡುಗೊರೆಗಳ ರಾಶಿಯನ್ನು ಒಬ್ಬ ಮನುಷ್ಯನ ಶೋಕಿ ಎಂದು ನೋಡಿದರೆ ಬೇಗ ಬೇಜಾರಾಗುತ್ತದೆ. 1948ರ ಜೂನ್ 28ರಂದು ಸ್ಟಾಲಿನ್ ಬಣ ಯುಗೊಸ್ಲಾವಿಯಾವನ್ನು ಕಾಮಿನ್‌ಫಾರ್ಮ್‌ನಿಂದ, ಅಂದರೆ ಸೋವಿಯತ್ ನೇತೃತ್ವದ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟದಿಂದ, ಹೊರಹಾಕಿತ್ತು. ಆಮೇಲೆ ಟಿಟೊ ಗೆಳೆಯರನ್ನು ಹುಡುಕಿ ಏಷ್ಯಾ, ಆಫ್ರಿಕಾ ಸುತ್ತಿದರು. 1961ರ ಸೆಪ್ಟೆಂಬರಿನಲ್ಲಿ ಇದೇ ಬೆಲ್‌ಗ್ರೇಡಿನಲ್ಲಿ 25 ದೇಶಗಳ ಮೊದಲ ಅಲಿಪ್ತ ಶೃಂಗಸಭೆ ನಡೆಯಿತು, ನೆಹರೂ ಕೂಡ ಬಂದಿದ್ದರು. ಇದು ತಲೆಯಲ್ಲಿದ್ದರೆ ಉಡುಗೊರೆಗಳು ವಿದೇಶಾಂಗ ನೀತಿಯ ಲೆಕ್ಕಪುಸ್ತಕದ ಹಾಗೆ ಕಾಣುತ್ತವೆ.

ನಿಜವಾಗಿ ಹೊತ್ತು ಕೊಡಬೇಕಾದದ್ದು ರಿಲೇ ಓಟದ ಕೋಲುಗಳಿಗೆ. ಸಂಗ್ರಹದಲ್ಲಿ 20,000ಕ್ಕೂ ಹೆಚ್ಚಿವೆ. ಪ್ರದರ್ಶನಕ್ಕೆ ಇಟ್ಟಿರುವುದು ಆಯ್ದ ಕೆಲವು. 1945ರಿಂದ ಪ್ರತಿವರ್ಷ ಟಿಟೊ ಹುಟ್ಟುಹಬ್ಬಕ್ಕೆ ಕಾರ್ಖಾನೆ, ಶಾಲೆ, ಸೇನಾ ತುಕಡಿಗಳೆಲ್ಲ ತಮ್ಮ ಕಸುಬು ಹೇಳುವಂಥ ಕೋಲು ಮಾಡಿ ಓಟಗಾರರ ಕೈಯಲ್ಲಿ ಕಳಿಸುತ್ತಿದ್ದವು. ಹತ್ತಿರದಿಂದ ನೋಡಿದರೆ ಕೈಕೆಲಸ ತಿಳಿಯುತ್ತದೆ, ಕೆಲವಂತೂ ಪುಟ್ಟ ಯಂತ್ರದಂತಿವೆ. (ಅವನ್ನು ಪಡೆಯುತ್ತಿದ್ದ ಟಿಟೊ ಕೂಡ ಬೀಗ, ಕಬ್ಬಿಣದ ಕೆಲಸ ಕಲಿತವರೇ.) ಇಲ್ಲಿ ತಾರೀಕಿನ ಗೊಂದಲವೊಂದಿದೆ: ಕುಮ್ರೊವೆಟ್ಸ್ ಹಳ್ಳಿಯಲ್ಲಿ ಅವರು ಹುಟ್ಟಿದ್ದು ಮೇ 7ಕ್ಕೆ, ಹಬ್ಬ ನಡೆಯುತ್ತಿದ್ದದ್ದು ಮೇ 25ಕ್ಕೆ. 1957ರಿಂದ ಅದನ್ನೇ ಯುವಜನ ದಿನ ಎಂದು ಕರೆದರು. 1980ರ ಮೇ 4ರಂದು ಅವರು ತೀರಿಕೊಂಡ ಮೇಲೂ ಓಟ ನಿಲ್ಲಲಿಲ್ಲ, ಇನ್ನೂ ಕೆಲವು ವರ್ಷ ನಡೆದೇ ಇತ್ತು.

ಇದು ಟಿಟೊಗೆ ಸಂದದ್ದನ್ನು ಕೂಡಿಟ್ಟ ಜಾಗ. ಅವರು ಆಳಿದ ಬಗೆಯನ್ನು ಓದಿಕೊಂಡೇ ಹೋಗಬೇಕು: 1945ರಲ್ಲಿ ಪ್ರಧಾನಿ, 1953ರಿಂದ ಅಧ್ಯಕ್ಷ, 1974ರ ಸಂವಿಧಾನದ ಪ್ರಕಾರ ಅವಧಿಯ ಮಿತಿಯೇ ಇಲ್ಲದ ಅಧ್ಯಕ್ಷ. ಸ್ಟಾಲಿನ್ ಪರ ಎಂಬ ಶಂಕೆಯ ಮೇಲೆ 1949ರಿಂದ ಸಾವಿರಾರು ಜನರನ್ನು ಗೋಲಿ ಒತೊಕ್ ದ್ವೀಪದ ಸೆರೆಗೆ ತಳ್ಳಿದ್ದೂ ಅವರ ಆಡಳಿತವೇ. ಹೊಳೆಯುವ ಕೋಲುಗಳ ಪಕ್ಕದಲ್ಲಿ ಇದನ್ನು ನೆನೆಯದೆ ಹೋದರೆ ಸಿಗುವುದು ಅರ್ಧ ಮನುಷ್ಯ.

ಮೇ 4 ಮತ್ತು ಮೇ 25ರಂದು ಹಳೆಯ ಯುಗೊಸ್ಲಾವಿಯಾದ ಮೂಲೆಮೂಲೆಗಳಿಂದ ಜನ ಬಾವುಟ, ಹೂವು ಹಿಡಿದು ಬರುತ್ತಾರೆ. ವಸ್ತುಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಆ ಎರಡು ದಿನ ಬಿಟ್ಟು ಹೋಗಲಿ. ಜನರನ್ನು ನೋಡಬೇಕಿದ್ದರೆ ಅವೇ ದಿನಗಳು ಸರಿ.