ತುಮಕೂರಿನ ಬಟವಾಡಿ ಹತ್ರ ಗಾಡಿ ವೈರಿಂಗ್ ಸಾಮಾನು ತಗೊಂಡೆ, ನನ್ನ ಅನುಭವ

ಮಾರುತಿ 800ದು 796 ಸಿಸಿ ಇಂಜಿನ್ ಹಾಕಿ ಮನೇಲೇ ಒಂದು ಬಗ್ಗಿ, ಅಂದ್ರೆ ಮಣ್ಣಿನ ದಾರೀಲಿ ಓಡೋ ಪುಟ್ಟ ಗಾಡಿ, ಕಟ್ತಿದೀನಿ, ರೋಡಿಗಲ್ಲ, ಗುಬ್ಬಿ ಕಡೆ ನಮ್ ತೋಟದಲ್ಲಿ ಓಡಿಸೋಕೆ ಅಷ್ಟೇ. ಮೊದ್ಲು ವೈರಿಂಗೆಲ್ಲ ಸಾದಾ ಪಿವಿಸಿ ಟೇಪ್ ಸುತ್ತಿ ಬಿಟ್ಟಿದ್ದೆ, ಏಪ್ರಿಲ್ ಬಿಸಿಲಿಗೆ ಅಂಟೆಲ್ಲ ಕರಗಿ ಕೈಗೆ ಬೆಲ್ಲದ ಪಾಕದ ಥರ ಹತ್ಕೊಳ್ಳೋದು, ವೈರ್ ಕಟ್ಟೋ ಬಿಳಿ ಪ್ಲಾಸ್ಟಿಕ್ ಟೈಗಳಂತೂ ಮುಟ್ಟಿದ್ರೆ ಪಟ್ ಅಂತ ಮುರೀತಿದ್ವು.

ಬಟವಾಡಿ ಹತ್ರ ಇರೋ ಚಿಕ್ಕ ಅಂಗಡಿಗೆ ಹೋದೆ. ಅಂಗಡಿಯಣ್ಣ ಫೋಟೋ ನೋಡಿ ನಕ್ಕು, "ಏನ್ ಸಾರ್ ಇದು, ಹಾವಿನ ಹುತ್ತ ಇದ್ದಂಗಿದೆ" ಅಂದ್ರು. ಬಟ್ಟೆ ಟೇಪು, ಕರಿ ನೈಲಾನ್ ಟೈ, ವೈರ್ ಒಳಗೆ ಕೂರಿಸೋಕೆ ಉದ್ದಕ್ಕೂ ಸೀಳಿರೋ ಸುರುಳಿ ಪೈಪು, ವೈರ್ ಹಿಡ್ಕೊಂಡು ಬೋಲ್ಟಿಂದ ಬಿಗಿಯೋ, ಒಳಗೆ ರಬ್ಬರ್ ಇರೋ ಪಿ ಕ್ಲಿಪ್ಪು ಕೊಟ್ರು. ನಾನು ಕೇಳ್ದೇ ಇದ್ರೂ ನಾಕು ಗ್ರೋಮೆಟ್ (ತೂತಿನ ಅಂಚಿಗೆ ಕೂರಿಸೋ ರಬ್ಬರ್ ಬಳೆ) ಸೇರಿಸಿ, ಚಾಸಿ, ಅಂದ್ರೆ ಗಾಡಿ ಚೌಕಟ್ಟಿನ ತೂತಲ್ಲಿ ಬರೀ ವೈರ್ ತೂರಿಸಿದ್ರೆ ಅಲುಗಾಡಿ ಅಲುಗಾಡಿ ಸಿಪ್ಪೆ ಸುಲಿದು ಶಾರ್ಟ್ ಆಗುತ್ತೆ, ಮೇನ್ ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರ್ಲಿ, ದೂರ ಹಾಕಿದ್ರೆ ಮಧ್ಯದ ವೈರಿಗೆ ಕಾವಲೇ ಇರಲ್ಲ ಅಂತ ಬಿಡಿಸಿ ಹೇಳಿದ್ರು.

ಪಿ ಕ್ಲಿಪ್ಪೇ ನಂಗೆ ತುಂಬಾ ಇಷ್ಟ ಆಗಿದ್ದು, ಬೋಲ್ಟ್ ಹಾಕಿದ್ಮೇಲೆ ಕಲ್ಲು ಮಣ್ಣಿನ ದಾರೀಲೂ ವೈರ್ ಮಿಸುಕಲ್ಲ. ಬಟ್ಟೆ ಟೇಪ್ ಕೈಯಲ್ಲೇ ಹರಿಯುತ್ತೆ, ಬ್ಲೇಡ್ ಬೇಡ, ಆದ್ರೆ ಅದಕ್ಕೆ ನೀರು ತಡೆಯೋ ಶಕ್ತಿ ಇಲ್ಲ, ಚಕ್ರದ ಹತ್ರ ಪೈಪೇ ಹಾಕಿ. ಸೈಲೆನ್ಸರ್ ಕಡೆಯಂತೂ ಯಾವ್ದೂ ಕಟ್ಬೇಡಿ, ಒಂದು ಟೈ ಕರಗಿಸಿಕೊಂಡೆ.

ಬೇಜಾರಾಗಿದ್ದು ಒಂದೇ, ಸಣ್ಣ ಸೈಜ್ ಕ್ಲಿಪ್ ಸ್ಟಾಕ್ ಇರ್ಲಿಲ್ಲ, ಎರಡ್ ಸಲ ಓಡಾಡ್ಬೇಕಾಯ್ತು. ಐದಕ್ಕೆ ನಾಕು ಸ್ಟಾರ್.